ಹಸಿ ಮಣ್ಣಲ್ಲೇ ಒಣಗುವ ತೊಗರಿ: ನೆಟೆ ರೋಗ ಅಂದರೆ ಏನು, ಯಾಕೆ, ಏನು ಮಾಡಬಹುದು

ನವೆಂಬರ್‌ನಲ್ಲಿ ಕಲಬುರಗಿಯಿಂದ ಜೇವರ್ಗಿ ಕಡೆಗೋ ಅಫಜಲಪುರದ ಕಡೆಗೋ ಬಸ್ಸಿನಲ್ಲಿ ಹೊರಟರೆ ರಸ್ತೆಯ ಎರಡೂ ಬದಿಯ ತೊಗರಿ ಹಳದಿ ಹೂ ಬಿಟ್ಟಿರುತ್ತದೆ. ಕಿಟಕಿಯಿಂದ ನೋಡೋಕೆ ಚೆಂದ. ಸ್ವಲ್ಪ ಗಮನವಿಟ್ಟರೆ ನಡುನಡುವೆ ಯಾರೋ ಬೆಂಕಿ ಸೋಕಿಸಿದಂತೆ ಒಣಗಿ ನಿಂತ ಗಿಡಗಳೂ ಕಾಣುತ್ತವೆ. ಒಂದೆಡೆ ಹತ್ತು, ಇನ್ನೊಂದೆಡೆ ಐವತ್ತು. ಹೊಲಕ್ಕಿಳಿದು ಮಣ್ಣು ಕೆದಕಿದರೆ ಇನ್ನೂ ಹಸಿ ಇರುತ್ತದೆ. ಪಕ್ಕದ ಸಾಲಿನ ಗಿಡ ಹಸಿರಾಗಿಯೇ ಇರುತ್ತದೆ. ಹಾಗಾದರೆ ಇದೊಂದಕ್ಕೆ ಏನಾಯಿತು?

ಈ ಭಾಗದ ರೈತರು ಇದನ್ನು ನೆಟೆ ರೋಗ ಅನ್ನುತ್ತಾರೆ. ಸೊರಗು ರೋಗ, ಸಿಡಿ ರೋಗ ಅನ್ನುವುದೂ ಉಂಟು. 2022ರ ಮುಂಗಾರಿನ ತೊಗರಿಗೆ ಇದು ಎಷ್ಟು ಜೋರಾಗಿ ಬಂತೆಂದರೆ ರಾಜ್ಯ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ತೊಗರಿಯ ಕಣಜ ಅಂತ ಕರೆಸಿಕೊಳ್ಳುವ ಜಿಲ್ಲೆ ಕಲಬುರಗಿ. ಅಲ್ಲಿನ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಅಂಥ ಕಡೆ ಹೀಗಾದರೆ ಅದು ಬರೀ ರೈತರ ಮಾತಾಗಿ ಉಳಿಯುವುದಿಲ್ಲ. ಬೆಂಗಳೂರಿನ ಸಾರಿನ ಪಾತ್ರೆಗೂ ಬಿಸಿ ತಟ್ಟುತ್ತದೆ.

ಮಣ್ಣಿನಿಂದ ಬರುವ ಶಿಲೀಂಧ್ರ ರೋಗಗಳು ಹತ್ತಾರಿವೆ. ಎಲ್ಲವನ್ನೂ ಒಟ್ಟಿಗೆ ಹೇಳಹೊರಟರೆ ಯಾವುದೂ ತಲೆಗೆ ಹತ್ತುವುದಿಲ್ಲ. ಅದಕ್ಕೇ ತೊಗರಿಯ ನೆಟೆಯನ್ನೇ ಹಿಡಿದುಕೊಂಡು ಹೋಗೋಣ. ಬೇರೆ ಬೆಳೆಗಳು ದಾರಿಯಲ್ಲಿ ಸಿಕ್ಕಾಗ ಮಾತಾಡಿಸೋಣ.

ಮೊದಲು, ಶಿಲೀಂಧ್ರ ಅಂದರೆ?

ಮಳೆಗಾಲದಲ್ಲಿ ಚಪ್ಪಲಿಗೆ, ಉಪ್ಪಿನಕಾಯಿ ಜಾಡಿಗೆ ಹಿಡಿಯುತ್ತದಲ್ಲ ಬೂಷ್ಟು, ಅದು ಶಿಲೀಂಧ್ರ. ಅಣಬೆಯೂ ಅದೇ ಕುಲ. ಇವು ಗಿಡಗಳ ಹಾಗೆ ಬಿಸಿಲಿನಿಂದ ಅಡುಗೆ ಮಾಡಿಕೊಳ್ಳಲಾರವು. ಸತ್ತದ್ದನ್ನು ಕೊಳೆಸಿ ತಿನ್ನಬೇಕು, ಇಲ್ಲವೇ ಬದುಕಿರುವುದರ ಮೈಗೆ ಹತ್ತಬೇಕು. ಕೂದಲಿಗಿಂತ ತೆಳುವಾದ ಎಳೆಗಳನ್ನು ಚಾಚಿಕೊಂಡು ಬೆಳೆಯುತ್ತವೆ.

ಮಣ್ಣಿನಲ್ಲಿರುವ ಶಿಲೀಂಧ್ರಗಳಲ್ಲಿ ಹೆಚ್ಚಿನವು ನಮಗೆ ಬೇಕಾದವೇ. ಕಸ ಕೊಳೆತು ಗೊಬ್ಬರವಾಗುವುದು ಅವುಗಳಿಂದ. ಬೆರಳೆಣಿಕೆಯಷ್ಟು ಮಾತ್ರ ಬೆಳೆಗೆ ಶತ್ರುಗಳು. ತೊಗರಿಗೆ ನೆಟೆ ತರುವ ಶತ್ರುವಿನ ಹೆಸರು ಫ್ಯುಸೇರಿಯಂ ಉಡಮ್. ಬಿಹಾರದ ಪೂಸಾದಲ್ಲಿ ಕೆಲಸ ಮಾಡುತ್ತಿದ್ದ ಬಟ್ಲರ್ ಎಂಬ ವಿಜ್ಞಾನಿ 1910ರಲ್ಲಿ ಕೊಟ್ಟ ಹೆಸರು ಇದು. ಅಂದರೆ ಈ ರೋಗ ಹೊಸದೇನಲ್ಲ. ನೂರು ವರ್ಷಕ್ಕೂ ಹಿಂದೆಯೇ ನಮ್ಮ ದೇಶದ ತೊಗರಿಯಲ್ಲೇ ಗುರುತಿಸಿದ್ದು.

ಹೆಸರಿನ ಮಾತು ಬಂತು, ಒಂದು ಸಂಗತಿ ಹೇಳಿಬಿಡುತ್ತೇನೆ. ನಮ್ಮ ‘ಕೊಳೆರೋಗ’ ಅನ್ನುವ ಪದ 1876ರಲ್ಲೇ ವಿಜ್ಞಾನದ ಹೆಸರಿನೊಳಗೆ ಸೇರಿಕೊಂಡಿದೆ. ಕಾಫಿ ಎಲೆಯನ್ನು ಕೊಳೆಸುವ ಶಿಲೀಂಧ್ರಕ್ಕೆ ಪೆಲ್ಲಿಕುಲೇರಿಯಾ ಕೊಳೆರೋಗ ಅಂತಲೇ ಹೆಸರಿಟ್ಟಿದ್ದರು. ಅದು ಮಣ್ಣಿನ ರೋಗವಲ್ಲ, ಇರಲಿ. ಬೆಳೆಯ ರೋಗಗಳ ಜೊತೆ ಕನ್ನಡಿಗರ ನಂಟು ಹಳೆಯದು ಅಂತ ಗೊತ್ತಾದರೆ ಸಾಕು.

ಗಿಡದ ಒಳಗೆ ನಡೆಯುವುದೇನು?

ಹನಿ ನೀರಾವರಿಯ ಪೈಪು ನೋಡಿದ್ದೀರಲ್ಲ. ಬಾವಿ ತುಂಬ ನೀರಿರುತ್ತದೆ, ಮೋಟರ್ ಓಡುತ್ತಿರುತ್ತದೆ. ಆದರೆ ಪೈಪಿನೊಳಗೆ ಪಾಚಿ ಕಟ್ಟಿಕೊಂಡರೆ ಕೊನೆಯ ಗಿಡಕ್ಕೆ ಹನಿಯೂ ಹೋಗುವುದಿಲ್ಲ. ನೆಟೆ ರೋಗ ಅಂದರೆ ಹೆಚ್ಚುಕಮ್ಮಿ ಇದೇ.

ಗಿಡದ ಕಾಂಡದೊಳಗೆ ಬೇರಿನಿಂದ ತುದಿಯವರೆಗೆ ನೀರು ಸಾಗಿಸುವ ಸಣ್ಣ ನಾಳಗಳಿವೆ. ಫ್ಯುಸೇರಿಯಂ ಎಳೆ ಬೇರಿನ ಮೂಲಕ ಒಳಗೆ ನುಗ್ಗಿ, ಸೀದಾ ಈ ನಾಳಗಳನ್ನು ಹಿಡಿಯುತ್ತದೆ. ಅಲ್ಲೇ ಬೆಳೆಯುತ್ತಾ ಮೇಲೇರುತ್ತದೆ. ಗಿಡ ಸುಮ್ನೆ ಇರುವುದಿಲ್ಲ. ಕಳ್ಳ ಬಂದ ದಾರಿಯನ್ನು ಮುಚ್ಚಿಬಿಡೋಣ ಅಂತ ತಾನೇ ಅಂಟಿನಂಥ ವಸ್ತು ತುಂಬಿ ನಾಳಗಳನ್ನು ಬಂದ್ ಮಾಡಿಕೊಳ್ಳುತ್ತದೆ. ಕಳ್ಳನನ್ನು ತಡೆಯಲು ಹೋಗಿ ಮನೆಯವರಿಗೇ ನೀರಿಲ್ಲದ ಹಾಗಾಗುತ್ತದೆ. ಹಸಿ ಮಣ್ಣಲ್ಲಿ ನಿಂತೂ ಗಿಡ ಬಾಯಾರಿ ಸಾಯುವುದು ಹೀಗೆ.

ಶಿಲೀಂಧ್ರ ಬೇರು ಹೊಕ್ಕಿದ್ದು ಎಳೆಯ ಸಸಿಯಲ್ಲೇ ಇರಬಹುದು. ಆಗ ಗಿಡಕ್ಕೆ ಬೇಕಾದ ನೀರು ಕಡಿಮೆ. ಅರ್ಧ ನಾಳ ಮುಚ್ಚಿದ್ದರೂ ನಡೆದುಹೋಗುತ್ತದೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಗಿಡ ದೊಡ್ಡದಾಗಿರುತ್ತದೆ, ನೀರಿನ ಬೇಡಿಕೆ ಏರಿರುತ್ತದೆ. ಆಗ ಸುಸ್ತಾಗಿ ಬೀಳುತ್ತದೆ. ‘ನಿನ್ನೆ ಚೆನ್ನಾಗಿತ್ತು, ಇವತ್ತು ಒಣಗಿದೆ’ ಅಂತ ನಮಗೆ ಅನ್ನಿಸುವುದು ಅದಕ್ಕೆ. ನವೆಂಬರ್‌ನಲ್ಲಿ ಕಂಡದ್ದರ ಬೀಜ ಬಹಳಷ್ಟು ಸಲ ಜುಲೈ ತಿಂಗಳಲ್ಲೇ ಬಿದ್ದಿರುತ್ತದೆ. ಈ ಒಂದು ಮಾತು ನೆನಪಿರಲಿ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಒಣಗಿದ್ದೆಲ್ಲ ನೆಟೆಯಲ್ಲ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹೆಚ್ಚಿನ ದುಡ್ಡು ಪೋಲಾಗುವುದು ಇಲ್ಲೇ. ಗಿಡ ಒಣಗಿದ ಕೂಡಲೇ ಮೊಬೈಲ್‌ನಲ್ಲಿ ಫೋಟೊ ತೆಗೆದು ಅಂಗಡಿಗೆ ಹೋಗಿ ‘ಇದಕ್ಕೆ ಔಷಧಿ ಕೊಡಿ’ ಅನ್ನುತ್ತೇವೆ. ಒಣಗಿದ ಗಿಡದ ಫೋಟೊ ನೋಡಿ ರೋಗ ಹೇಳುವುದು, ಜ್ವರ ಬಂದವನ ಮುಖ ನೋಡಿ ಮಲೇರಿಯಾನೋ ಟೈಫಾಯಿಡೋ ಅಂತ ಹೇಳಿದ ಹಾಗೆ. ಗಿಡವನ್ನು ಕಿತ್ತು ನೋಡಬೇಕು. ಬೇಕಾಗಿರುವುದು ಒಂದು ಕುಡಗೋಲು, ಐದು ನಿಮಿಷ.

ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿ. ಒಳಗೆ ಕಂದು ಅಥವಾ ಕಪ್ಪು ಗೆರೆಗಳು ಮೇಲಕ್ಕೆ ಹೋಗಿದ್ದರೆ ಅದು ಫ್ಯುಸೇರಿಯಂ. ಮುಚ್ಚಿಹೋದ ನಾಳಗಳೇ ಆ ಗೆರೆಗಳು. ಎಷ್ಟೋ ಗಿಡಗಳಲ್ಲಿ ಹೊರಗಿನಿಂದಲೂ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಕಾಣುತ್ತದೆ. ಒಂದೇ ಕಡೆಯ ರೆಂಬೆ ಒಣಗಿ ಇನ್ನೊಂದು ಕಡೆ ಹಸಿರಾಗಿರುವುದೂ ಇದರದೇ ಗುರುತು. ಆ ಕಡೆಯ ನಾಳ ಮುಚ್ಚಿದೆ, ಈ ಕಡೆಯದು ಇನ್ನೂ ಇಲ್ಲ, ಅಷ್ಟೇ.

ಗಿಡ ಎಳೆದರೆ ಸಲೀಸಾಗಿ ಕಿತ್ತು ಬಂತಾ? ತಾಯಿಬೇರು ಅರ್ಧಕ್ಕೆ ಲಟಕ್ ಅಂತ ಮುರಿದು ಮಣ್ಣಲ್ಲೇ ಉಳಿಯಿತಾ? ಬೇರಿನ ಸಿಪ್ಪೆ ಎಳೆಎಳೆಯಾಗಿ ಸುಲಿಯುತ್ತಿದೆಯಾ? ಒಳಗೆ ಇದ್ದಿಲ ಪುಡಿ ಚೆಲ್ಲಿದಂಥ ಕಪ್ಪು ಚುಕ್ಕಿಗಳಿವೆಯಾ? ಹಾಗಿದ್ದರೆ ಅದು ಒಣ ಬೇರು ಕೊಳೆ. ಅದನ್ನು ತರುವ ಶಿಲೀಂಧ್ರವೇ ಬೇರೆ, ಮ್ಯಾಕ್ರೊಫೋಮಿನಾ ಅಂತ. ಇದಕ್ಕೆ 30 ಡಿಗ್ರಿ ದಾಟಿದ ಬಿಸಿಯೂ ಒಣಗಿದ ಮಣ್ಣೂ ಅಂದರೆ ಇಷ್ಟ. ಮಳೆ ಕೈಕೊಟ್ಟ ವರ್ಷ, ಕಾಯಿ ಕಟ್ಟುವ ಹೊತ್ತಿಗೆ ಬಿಸಿಲು ಕಾದರೆ ಇದು ಮೇಲೇಳುತ್ತದೆ.

ಬಿತ್ತಿ ಒಂದೆರಡು ತಿಂಗಳಲ್ಲೇ, ಅದೂ ನೀರು ನಿಲ್ಲುವ ತಗ್ಗಿನಲ್ಲೇ ಗಿಡ ಸಾಯುತ್ತಿದ್ದರೆ ಮೂರನೆಯವನ ಮೇಲೆ ಅನುಮಾನ ಪಡಬೇಕು. ಅದು ಫೈಟಾಫ್ತೊರಾ. ಕಾಂಡದ ಮೇಲೆ ನೆಲಕ್ಕಿಂತ ಸ್ವಲ್ಪ ಎತ್ತರದಲ್ಲಿ ಕಂದು ಮಚ್ಚೆ ಬಂದು, ಅಲ್ಲೇ ತಗ್ಗಾಗಿ, ಗಾಳಿಗೆ ಗಿಡ ಮುರಿದು ಬೀಳುತ್ತದೆ. ವಿಚಿತ್ರ ಅಂದರೆ ಇದು ನಿಜವಾದ ಶಿಲೀಂಧ್ರವೇ ಅಲ್ಲ. ನೋಡಲು ಹಾಗೇ ಇರುವ ಬೇರೊಂದು ಜೀವಿವರ್ಗ. ಇದರ ಮೈಗೋಡೆ ಬೇರೆ ವಸ್ತುವಿನದು. ಕಾರ್ಬೆಂಡಜಿಮ್‌ನಂಥ ಸಾಮಾನ್ಯ ಶಿಲೀಂಧ್ರನಾಶಕವೂ ಇದಕ್ಕೆ ನಾಟುವುದಿಲ್ಲ. ಔಷಧಿ ಹೊಡೆದೆ, ಏನೂ ಆಗಲಿಲ್ಲ ಅಂತ ಬೈದುಕೊಳ್ಳುವ ಮುಂಚೆ, ಔಷಧಿ ಯಾರಿಗೆ, ರೋಗ ಯಾರದು ಅಂತ ಕೇಳಿಕೊಳ್ಳಬೇಕು.

ಬುಡದಲ್ಲಿ ಬಿಳಿ ಹತ್ತಿಯಂಥ ಬೂಷ್ಟು, ಅದರ ಮೇಲೆ ಸಾಸಿವೆ ಕಾಳಿನಂಥ ಗುಂಡುಗಳು ಕಂಡರೆ ಅದು ಸ್ಕ್ಲೆರೋಷಿಯಂ. ಶೇಂಗಾ ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ಅರೆಬರೆ ಕೊಳೆತ ಕಸ, ಹಸಿ ಗೊಬ್ಬರ ಹೊಲಕ್ಕೆ ಹಾಕಿದಲ್ಲಿ ಜಾಸ್ತಿ.

ಇನ್ನು, ಗಿಡ ಒಣಗದೆ ಹಸಿರಾಗಿಯೇ ಇದ್ದು ಹೂವನ್ನೇ ಬಿಡದಿದ್ದರೆ ಅದು ಗೊಡ್ಡು ರೋಗ. ನುಸಿಯಿಂದ ಹರಡುವ ವೈರಸ್ ಅದು. ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ.

ಟೊಮೆಟೊ, ಶುಂಠಿ ಬೆಳೆಯುವವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಬಾಡಿದ ಗಿಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಅಲ್ಲಾಡಿಸದೆ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆ ಕೆಳಗೆ ಇಳಿದರೆ ಅದು ಬ್ಯಾಕ್ಟೀರಿಯಾ ತಂದ ಸೊರಗು. ಶಿಲೀಂಧ್ರದ ಔಷಧಿ ಸುರಿದು ಪ್ರಯೋಜನವಿಲ್ಲ.

ಮಣ್ಣಲ್ಲಿ ಅವು ಬದುಕುವುದು ಹೇಗೆ?

ಬೆಳೆ ಕೊಯ್ದು ಹೊಲ ಬರಿದಾದ ಮೇಲೆ, ಏಪ್ರಿಲ್ ಮೇ ತಿಂಗಳ ಆ ಬಿಸಿಲಲ್ಲೂ ಇವು ಸಾಯುವುದಿಲ್ಲವೇ? ಎಳೆಗಳು ಸಾಯುತ್ತವೆ. ಆದರೆ ಸಾಯುವ ಮುಂಚೆ ಫ್ಯುಸೇರಿಯಂ ದಪ್ಪ ಗೋಡೆಯ ಕಣಗಳನ್ನು ಮಾಡಿಟ್ಟುಕೊಂಡಿರುತ್ತದೆ. ಮ್ಯಾಕ್ರೊಫೋಮಿನಾ ಮತ್ತು ಸ್ಕ್ಲೆರೋಷಿಯಂ ಗಟ್ಟಿ ಗಂಟುಗಳನ್ನು ಮಾಡುತ್ತವೆ. ಮಳೆಗಾಲಕ್ಕೆ ಮನೆಯಲ್ಲಿ ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿಗೆ ತುಂಬಿಡುವ ಹಾಗೆ, ಕಷ್ಟಕಾಲ ಕಳೆಯುವ ಏರ್ಪಾಡು ಅದು. ತೊಗರಿಯ ಬೇರು ಮತ್ತೆ ಹತ್ತಿರ ಬಂದು, ಅದು ಸ್ರವಿಸುವ ಸಕ್ಕರೆಯ ಅಂಶ ಸೋಕಿದಾಗ ಆ ಕಣಗಳು ಮೊಳೆಯುತ್ತವೆ.

ಫ್ಯುಸೇರಿಯಂ ಉಡಮ್ ಬಿಡಿಯಾಗಿ ಮಣ್ಣಲ್ಲಿರುವುದಕ್ಕಿಂತ ಸತ್ತ ತೊಗರಿ ಗಿಡದ ಬುಡದಲ್ಲಿ, ಬೇರಿನ ತುಂಡಿನಲ್ಲಿ ಆರಾಮಾಗಿರುತ್ತದೆ. ಅಂಥ ಕೂಳೆಯಲ್ಲಿ ಸುಮಾರು 3 ವರ್ಷ ಬದುಕಿರಬಲ್ಲದು. ತೊಗರಿ ಕಟ್ಟಿಗೆಯನ್ನು ಕೊಯ್ದು ಒಯ್ದರೂ ಬುಡ ಮತ್ತು ಬೇರು ಹೊಲದಲ್ಲೇ ಉಳಿಯುತ್ತವೆ ಅಲ್ವಾ? ಮುಂದಿನ ವರ್ಷ ಅದೇ ಹೊಲಕ್ಕೆ ಮತ್ತೆ ತೊಗರಿ ಬಿತ್ತುತ್ತೇವೆ. ಅದಕ್ಕೆ ಮನೆ ಬಾಗಿಲಿಗೇ ಊಟ.

ಹೊಲದಿಂದ ಹೊಲಕ್ಕೆ ಹೋಗುವ ದಾರಿಯೂ ಸರಳ. ಇಳಿಜಾರಿನ ಮಳೆನೀರು ಒಯ್ಯುತ್ತದೆ. ಬಾಡಿಗೆ ಟ್ರ್ಯಾಕ್ಟರ್‌ನ ಚಕ್ರ, ಕುಂಟೆಯ ತಾಳು, ರೋಟವೇಟರ್‌ನ ಹಲ್ಲು ಒಯ್ಯುತ್ತವೆ. ಎರೆ ಮಣ್ಣು ಒದ್ದೆಯಾದಾಗ ಹೇಗೆ ಅಂಟುತ್ತದೆ ಅನ್ನುವುದು ಅಲ್ಲಿ ಚಪ್ಪಲಿ ಕಳೆದುಕೊಂಡವರಿಗೆ ಗೊತ್ತು. ರೋಗ ಬಂದ ಗಿಡದ ಬೀಜದ ಜೊತೆಗೂ ಹೋಗಬಹುದು. ಬೇರು ಕೊರೆಯುವ ಜಂತುಹುಳಗಳಿದ್ದರಂತೂ ಶಿಲೀಂಧ್ರಕ್ಕೆ ಗಾಯದ ಬಾಗಿಲು ತೆರೆದಿಟ್ಟಂತೆ.

ಔಷಧಿ ಸುರಿದರೆ ಯಾಕೆ ಹೋಗುವುದಿಲ್ಲ?

ಒಂದು ಲೆಕ್ಕ ಮಾಡೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕವೇ ಸುಮಾರು 8 ಲಕ್ಷ ಕೆಜಿ. ಅದರೊಳಗೆ ಎಲ್ಲೆಲ್ಲೋ ಈ ಕಣಗಳು ಅಡಗಿವೆ. ತೊಗರಿಯ ಬೇರು 15 ಸೆಂಟಿಮೀಟರ್‌ಗೆ ನಿಲ್ಲುವುದೂ ಇಲ್ಲ, ಒಂದು ಮೀಟರಿಗಿಂತ ಆಳಕ್ಕೆ ಇಳಿಯುತ್ತದೆ. ನಾವು ಒಂದು ಕೆಜಿ ಪುಡಿಯನ್ನು ನೀರಲ್ಲಿ ಕಲಸಿ ಸುರಿದರೆ ಅದು ಯಾವ ಮೂಲೆಗೆ ಸಾಲಬೇಕು? ಔಷಧಿಯ ದೊಡ್ಡ ಪಾಲು ಮೇಲಿನ ಮಣ್ಣಿಗೇ ಅಂಟಿಕೊಳ್ಳುತ್ತದೆ.

ಎಲೆಗೆ ಹೊಡೆದರೆ? ಹೆಚ್ಚಿನ ಶಿಲೀಂಧ್ರನಾಶಕಗಳು ಗಿಡದೊಳಗೆ ಮೇಲಕ್ಕೆ ಹೋಗುತ್ತವೆಯೇ ಹೊರತು ಬೇರಿಗೆ ಇಳಿಯುವುದಿಲ್ಲ. ಅದೂ ಅಲ್ಲದೆ ಮುಚ್ಚಿಹೋದ ನಾಳವನ್ನು ಯಾವ ಔಷಧಿಯೂ ತೆರೆಯಲಾರದು. ಒಣಗಿದ ಗಿಡಕ್ಕೆ ಹೊಡೆಯುವುದು ನನ್ನ ಲೆಕ್ಕದಲ್ಲಿ ದುಡ್ಡಿಗೇ ಹೊಡೆದ ಹಾಗೆ.

ಇನ್ನೂ ಒಣಗದ ಅಕ್ಕಪಕ್ಕದ ಗಿಡಗಳ ಬುಡಕ್ಕೆ ಔಷಧಿ ನೀರು ಹಾಕಿದರೆ ಹರಡುವಿಕೆ ಸ್ವಲ್ಪ ತಗ್ಗಬಹುದು. ತೋಟದ ಬೆಳೆಗಳಲ್ಲಿ ಇದನ್ನು ಮಾಡುತ್ತಾರೆ, ಅಲ್ಲಿ ಒಂದೊಂದು ಗಿಡಕ್ಕೂ ಬೆಲೆ ಇದೆ. ಹತ್ತು ಎಕರೆ ಮಳೆಯಾಶ್ರಿತ ತೊಗರಿಗೆ ಅಷ್ಟು ನೀರು ಹೊರುವವರು ಯಾರು?

ಅದೇ ಔಷಧಿಯನ್ನು ಬೀಜಕ್ಕೆ ಹಚ್ಚುವ ಲೆಕ್ಕ ನೋಡಿ. ಎಕರೆಗೆ 4-5 ಕೆಜಿ ಬೀಜ. ಕೆಜಿಗೆ 2 ಗ್ರಾಂ ಕಾರ್ಬೆಂಡಜಿಮ್ ಅಂದರೆ ಒಟ್ಟು 10 ಗ್ರಾಂ. ಮೊಳಕೆ ಒಡೆದು ಬೇರು ಬಿಡುವ ಜಾಗಕ್ಕೇ, ಆ ಹೊತ್ತಿಗೇ ಔಷಧಿ ಸಿಗುತ್ತದೆ. ಲಕ್ಷಾಂತರ ಕೆಜಿ ಮಣ್ಣನ್ನು ಕಾಯುವ ಬದಲು ಐದು ಕೆಜಿ ಬೀಜ ಕಾಯುವುದು ಸುಲಭ ಅಲ್ವಾ? ಆದರೆ ಇದರ ಕಾವಲು ಶುರುವಿನ ಕೆಲವು ವಾರಗಳಿಗೆ ಮಾತ್ರ. ಕಾಯಿ ಕಟ್ಟುವವರೆಗೆ ಅದು ಇರುವುದಿಲ್ಲ.

ತಳಿ ಅನ್ನುವ ದೊಡ್ಡ ಅಸ್ತ್ರ

ನೆಟೆಯ ಮಟ್ಟಿಗೆ ಅತಿ ಹೆಚ್ಚು ಕೆಲಸ ಮಾಡಿರುವುದು ರೋಗ ತಡೆಯುವ ತಳಿಗಳು. ಇವುಗಳನ್ನು ಆರಿಸುವ ವಿಧಾನ ಕೇಳಿದರೆ ಅಚ್ಚರಿಯಾಗುತ್ತದೆ. ಸಂಶೋಧನಾ ಕೇಂದ್ರಗಳಲ್ಲಿ ಬೇಕಂತಲೇ ರೋಗದ ಹೊಲ ತಯಾರಿಸುತ್ತಾರೆ. ನೆಟೆ ಬಂದು ಸತ್ತ ಗಿಡಗಳನ್ನು ತುಂಡು ಮಾಡಿ ಮಣ್ಣಿಗೆ ಸೇರಿಸುತ್ತಾರೆ. ಬೇಗ ಸಾಯುವ ತಳಿಯನ್ನು ವರ್ಷ ವರ್ಷ ಅಲ್ಲೇ ಬಿತ್ತಿ ರೋಗವನ್ನು ಸಾಕುತ್ತಾರೆ. ಅಂಥ ಮಣ್ಣಲ್ಲಿ ನೂರಾರು ತಳಿ ಬಿತ್ತಿ, ಸಾಯದೆ ನಿಂತದ್ದನ್ನು ಆರಿಸುತ್ತಾರೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಇಂಥ ಹೊಲಗಳಿವೆ.

ಹೀಗೆ ಬಂದದ್ದು ಐಸಿಪಿ 8863. ಕರ್ನಾಟಕದಲ್ಲಿ 1980ರ ದಶಕದಲ್ಲಿ ‘ಮಾರುತಿ’ ಅಂತ ಬಿಡುಗಡೆಯಾಯಿತು. ನೆಟೆಗೆ ಜಗ್ಗದ ಇದು ಉತ್ತರ ಕರ್ನಾಟಕದಲ್ಲಿ ಬೇಗ ಹರಡಿತು. ಆದರೆ ಗೊಡ್ಡು ರೋಗಕ್ಕೆ ಸೋಲುತ್ತಿತ್ತು. ಎರಡನ್ನೂ ತಡೆಯುವ ‘ಆಶಾ’ ತಳಿ 1990ರ ದಶಕದಲ್ಲಿ ಬಂತು. ಕಲಬುರಗಿಯ ರೈತರ ಬಾಯಲ್ಲಿರುವ ಟಿಎಸ್-3ಆರ್ ನೆಟೆ ತಡೆಯುವ ತಳಿ, ಗೊಡ್ಡು ರೋಗದ ವಿಷಯದಲ್ಲಿ ಅಷ್ಟು ಗಟ್ಟಿಯಲ್ಲ. ಜಿಆರ್‌ಜಿ-811, ಜಿಆರ್‌ಜಿ-152 ಅನ್ನುವವೂ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದವೇ. ನಾಟಿ ತಳಿಗಳಲ್ಲಿ ಗುಳ್ಯಾಳದ ಕಾಳಿಗೆ ಒಳ್ಳೆಯ ಹೆಸರಿದೆ, ಆದರೆ ನೆಟೆಗೆ ಬೇಗ ತುತ್ತಾಗುತ್ತದೆ.

ತಡೆಯುವ ತಳಿ ಅಂದರೆ ರೋಗವೇ ಬಾರದು ಅಂತಲ್ಲ. ಫ್ಯುಸೇರಿಯಂನಲ್ಲೂ ಬೇರೆ ಬೇರೆ ಬಗೆಗಳಿವೆ. ಒಂದು ಊರಲ್ಲಿ ಗೆದ್ದ ತಳಿ ಇನ್ನೊಂದು ಊರಲ್ಲಿ ಸೋಲಬಹುದು. ಮತ್ತೆ, ನೆಟೆ ತಡೆಯುವ ತಳಿ ಒಣ ಬೇರು ಕೊಳೆಯನ್ನೂ ತಡೆಯುತ್ತದೆ ಅನ್ನುವ ಖಾತ್ರಿಯಿಲ್ಲ. ‘ತಳಿ ಮೋಸ ಮಾಡಿತು’ ಅನ್ನುವ ದೂರುಗಳಲ್ಲಿ ಕೆಲವು ಇಲ್ಲಿಂದ ಹುಟ್ಟುತ್ತವೆ. ಸತ್ತದ್ದು ಬೇರೆ ರೋಗದಿಂದ.

ಬಾಳೆಯಲ್ಲಿ ಇದೇ ಕಥೆ ದೊಡ್ಡ ಮಟ್ಟದಲ್ಲಿ ನಡೆದಿದೆ. ನಂಜನಗೂಡು ರಸಬಾಳೆ ಅಳಿವಿನಂಚಿಗೆ ಬಂದದ್ದು ಪನಾಮಾ ಸೊರಗು ರೋಗದಿಂದ. ಅದೂ ಫ್ಯುಸೇರಿಯಂ ಕುಲದ್ದೇ. ಇದೇ ರೋಗ ಅಮೆರಿಕ ಖಂಡದ ತೋಟಗಳಲ್ಲಿ ಗ್ರೋಸ್ ಮಿಷೆಲ್ ಎಂಬ ತಳಿಯನ್ನು ಮುಗಿಸಿದಾಗ, 1950-60ರ ದಶಕಗಳಲ್ಲಿ ರಫ್ತಿನ ವ್ಯಾಪಾರವೆಲ್ಲ ಕ್ಯಾವೆಂಡಿಷ್ ತಳಿಗೆ ಹೊರಳಿತು. ನಮ್ಮ ಪಚ್ಚಬಾಳೆ ಆ ಗುಂಪಿನದು. ಈಗ ಕ್ಯಾವೆಂಡಿಷನ್ನೂ ಕೊಲ್ಲುವ ಹೊಸ ಬಗೆ ಹುಟ್ಟಿಕೊಂಡಿದೆ. ಅದು ಬಿಹಾರದವರೆಗೂ ಬಂದಾಗಿದೆ.

ಬೆಳೆ ಬದಲಾವಣೆ: ಯಾವುದಕ್ಕೆ ಯಾವುದು?

‘ಬೆಳೆ ಬದಲಿಸಿ’ ಅಂತ ಎಲ್ಲರೂ ಹೇಳುತ್ತಾರೆ. ಯಾವ ಬೆಳೆಗೆ ಅಂತ ಹೇಳುವವರು ಕಡಿಮೆ. ಇಲ್ಲೇ ರೋಗ ಗುರುತಿಸಿದ್ದು ಉಪಯೋಗಕ್ಕೆ ಬರುವುದು.

ಫ್ಯುಸೇರಿಯಂ ಉಡಮ್ ಬಹಳ ನಾಲಿಗೆ ಚಪಲವಿಲ್ಲದ ಶಿಲೀಂಧ್ರ. ತೊಗರಿ ಬಿಟ್ಟರೆ ಬೇರೆ ಬೆಳೆಗಳನ್ನು ಹಾಗೆ ಒಣಗಿಸುವುದಿಲ್ಲ. ಕಡಲೆಗೆ ಸೊರಗು ತರುವುದೂ ಫ್ಯುಸೇರಿಯಮ್ಮೇ, ಆದರೆ ಅದು ಬೇರೆ. ದಾಯಾದಿ ಅನ್ನಿ. ಹಾಗಾಗಿ ತೊಗರಿಗೆ ಒಂದೆರಡು ವರ್ಷ ರಜೆ ಕೊಟ್ಟು ಜೋಳ ಹಾಕಿದರೆ ನೆಟೆ ಗಣನೀಯವಾಗಿ ತಗ್ಗುತ್ತದೆ. ತೊಗರಿಯ ಸಾಲುಗಳ ನಡುವೆ ಜೋಳವನ್ನು ಮಿಶ್ರ ಬೆಳೆಯಾಗಿ ಹಾಕಿದರೂ ರೋಗ ಕಡಿಮೆಯಾಗುವುದು ಪ್ರಯೋಗಗಳಲ್ಲಿ ಕಂಡಿದೆ. ಅಕ್ಕಡಿ ಸಾಲು ಹಾಕುತ್ತಿದ್ದ ಹಿರಿಯರು ಇದನ್ನು ಯಾವ ಲೆಕ್ಕದಲ್ಲಿ ಮಾಡುತ್ತಿದ್ದರೋ, ಫಲವಂತೂ ಇತ್ತು.

ಈಗ ಮ್ಯಾಕ್ರೊಫೋಮಿನಾಗೆ ಬನ್ನಿ. ಇದಕ್ಕೆ 500ಕ್ಕೂ ಹೆಚ್ಚು ಬಗೆಯ ಗಿಡಗಳು ಆಹಾರ. ತೊಗರಿ, ಕಡಲೆ, ಸೂರ್ಯಕಾಂತಿ ಎಲ್ಲವೂ ನಡೆಯುತ್ತವೆ. ಹಿಂಗಾರಿ ಜೋಳದ ಕಾಂಡ ಒಳಗೇ ಕಪ್ಪಾಗಿ ಗಿಡ ಮಗುಚಿ ಬೀಳುತ್ತದಲ್ಲ, ಅದೂ ಇದರದೇ ಕೆಲಸ. ಹಾಗಾಗಿ ನೆಟೆಗೆ ಮದ್ದಾದ ಜೋಳ ಒಣ ಬೇರು ಕೊಳೆಗೆ ಮದ್ದಲ್ಲ. ಅಲ್ಲಿ ಕೆಲಸ ಮಾಡುವುದು ಬೇರೆ: ಮಣ್ಣಲ್ಲಿ ತೇವ ಉಳಿಸಿಕೊಳ್ಳುವುದು, ಕಳಿತ ಗೊಬ್ಬರ ಹಾಕುವುದು, ಅನುಕೂಲವಿದ್ದರೆ ಹೂ-ಕಾಯಿ ಹೊತ್ತಿಗೆ ಒಂದು ನೀರು ಕೊಡುವುದು.

ಫೈಟಾಫ್ತೊರಾಕ್ಕೆ ಮದ್ದು ನೀರು ಬಸಿಯುವ ಕಾಲುವೆ. ತಗ್ಗು ತಿದ್ದಿ, ಬೋದು ಮಾಡಿ ಏರಿನ ಮೇಲೆ ಬಿತ್ತಿದರೆ ಅದಕ್ಕೆ ಈಜಲು ನೀರೇ ಇರುವುದಿಲ್ಲ. ಹೌದು, ಅದರ ಕಣಗಳು ನಿಜಕ್ಕೂ ಬಾಲ ಬಡಿಯುತ್ತಾ ನೀರಲ್ಲಿ ಈಜುತ್ತವೆ.

ಟ್ರೈಕೋಡರ್ಮಾ: ಶಿಲೀಂಧ್ರ ತಿನ್ನುವ ಶಿಲೀಂಧ್ರ

ರೈತ ಸಂಪರ್ಕ ಕೇಂದ್ರದಲ್ಲಿ ಪೊಟ್ಟಣ ಸಿಗುತ್ತದೆ, ಹೆಸರು ಎಲ್ಲರಿಗೂ ಗೊತ್ತು. ಒಳಗಿರುವುದು ಏನು ಅಂತ ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ. ಹಸಿರು ಬಣ್ಣದ್ದು. ಅದು ಬೇರೆ ಶಿಲೀಂಧ್ರದ ಎಳೆಗೆ ಬಳ್ಳಿಯಂತೆ ಸುತ್ತಿಕೊಂಡು, ಅದರ ಗೋಡೆ ಕರಗಿಸಿ ಒಳಗಿನದನ್ನು ಹೀರುತ್ತದೆ. ಈ ಗುಣವನ್ನು ವೈಂಡ್ಲಿಂಗ್ ಎಂಬ ವಿಜ್ಞಾನಿ 1932ರಲ್ಲೇ ತೋರಿಸಿದ್ದರು. ತಿನ್ನುವುದಕ್ಕಿಂತಲೂ ಅದರ ದೊಡ್ಡ ಉಪಕಾರ ಜಾಗ ಹಿಡಿಯುವುದರಲ್ಲಿದೆ. ರಶ್ಶಿನ ಬಸ್ಸಿನಲ್ಲಿ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುವವರನ್ನು ನೋಡಿದ್ದೀರಲ್ಲ. ಟ್ರೈಕೋಡರ್ಮಾ ಬೇರಿನ ಸುತ್ತ ಮೊದಲೇ ಟವಲ್ ಹಾಕಿರುತ್ತದೆ. ಆಮೇಲೆ ಬಂದ ಫ್ಯುಸೇರಿಯಂಗೆ ಕೂರಲು ಜಾಗವೂ ಇಲ್ಲ, ತಿನ್ನಲು ಊಟವೂ ಇಲ್ಲ.

ಈ ಹೋಲಿಕೆ ಹಿಡಿದರೆ ಬಳಸುವ ರೀತಿ ತಾನಾಗಿ ತಿಳಿಯುತ್ತದೆ. ಸೀಟು ತುಂಬಿದ ಮೇಲೆ ಟವಲ್ ಹಾಕಿ ಏನು ಫಲ? ಗಿಡ ಒಣಗಿದ ಮೇಲೆ ಸುರಿಯುವ ಟ್ರೈಕೋಡರ್ಮಾದ ಪಾಡೂ ಅದೇ. ಬಿತ್ತುವ ಮುಂಚೆ ಬೀಜಕ್ಕೆ, ಅದಕ್ಕೂ ಮುಂಚೆ ಮಣ್ಣಿಗೆ ಸೇರಬೇಕು.

ಬೀಜಕ್ಕೆ ಕೆಜಿಗೆ 4 ಗ್ರಾಂ ಅಥವಾ ಪೊಟ್ಟಣದ ಮೇಲೆ ಹೇಳಿದಷ್ಟು ಹಚ್ಚಿ ನೆರಳಲ್ಲಿ ಆರಿಸಬೇಕು. ಮಣ್ಣಿಗಾದರೆ ಬರೀ ಪುಡಿ ಎರಚಬಾರದು. ಎಕರೆಗೆ 1-2 ಕೆಜಿ ಪುಡಿಯನ್ನು ಸುಮಾರು 100 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಕಲಸಿ, ನೆರಳಲ್ಲಿ ಗುಡ್ಡೆ ಹಾಕಿ, ಒದ್ದೆ ಗೋಣಿ ಚೀಲ ಹೊದಿಸಿ 15 ದಿನ ಬಿಡಬೇಕು. ನಡುವೆ ಒಂದೆರಡು ಸಲ ತಿರುವಿ ನೀರು ಚಿಮುಕಿಸಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಒಂದು ಚಮಚ ಮೊಸರು ಪಾತ್ರೆಯನ್ನೆಲ್ಲ ಮೊಸರು ಮಾಡುತ್ತದಲ್ಲ, ಇಲ್ಲೂ ಗೊಬ್ಬರವೆಲ್ಲ ಟ್ರೈಕೋಡರ್ಮಾ ಆಗುತ್ತದೆ. ಗುಡ್ಡೆಯಲ್ಲಿ ಹಸಿರು ಬೂಷ್ಟು ಕಂಡರೆ ಹೆಪ್ಪು ಹಿಡಿದಿದೆ. ಮಣ್ಣಲ್ಲಿ ಹಸಿ ಇರುವಾಗ ಸಾಲಿಗೆ ಹಾಕಬೇಕು. ಒಣ ಮಣ್ಣಿಗೆ, ಸುಡುಬಿಸಿಲಿಗೆ ಹಾಕಿದರೆ ಸಾಯುತ್ತದೆ.

ಎಲ್ಲರೂ ಎಡವುವ ಒಂದು ಜಾಗವಿದೆ. ಬೀಜಕ್ಕೆ ಕಾರ್ಬೆಂಡಜಿಮ್ಮೂ ಇರಲಿ, ಟ್ರೈಕೋಡರ್ಮಾವೂ ಇರಲಿ ಅಂತ ಎರಡನ್ನೂ ಹಚ್ಚುತ್ತಾರೆ. ಕಾರ್ಬೆಂಡಜಿಮ್‌ಗೆ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಅಂತ ಗೊತ್ತಾಗುವುದಿಲ್ಲ. ಟ್ರೈಕೋಡರ್ಮಾವನ್ನೇ ಮೊದಲು ಕೊಲ್ಲುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕು. ತೊಗರಿಗೆ ಹಚ್ಚುವ ರೈಜೋಬಿಯಂ (ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಬ್ಯಾಕ್ಟೀರಿಯಾ) ಮಾತ್ರ ಟ್ರೈಕೋಡರ್ಮಾ ಜೊತೆ ಹೊಂದಿಕೊಂಡು ಹೋಗುತ್ತದೆ. ಅದನ್ನು ಕೊನೆಯಲ್ಲಿ ಹಚ್ಚಬೇಕು.

ಪೊಟ್ಟಣ ಕೊಳ್ಳುವಾಗ ತಯಾರಾದ ತಾರೀಖು ನೋಡಿ. ಇದು ಜೀವ ಇರುವ ವಸ್ತು. ಗ್ರಾಂಗೆ ಕನಿಷ್ಠ 20 ಲಕ್ಷ ಜೀವಕಣ ಇರಬೇಕು ಅನ್ನುವುದು ನಮ್ಮ ದೇಶದ ನಿಯಮ. ಬಿಸಿಲು ಬೀಳುವ ಅಂಗಡಿ ಮುಂಗಟ್ಟಿನಲ್ಲಿ ಎರಡು ಬೇಸಿಗೆ ಕಳೆದ ಪೊಟ್ಟಣದಲ್ಲಿ ಸುಣ್ಣದಂಥ ಪುಡಿ ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ.

ಮಣ್ಣಿಗೆ ಬಿಸಿಲಿನ ಶಾಖ

ಸಸಿಮಡಿ ಮಾಡುವವರಿಗೆ, ಸಣ್ಣ ಜಾಗದಲ್ಲಿ ತರಕಾರಿ, ಶುಂಠಿ ಬೆಳೆಯುವವರಿಗೆ ಇನ್ನೊಂದು ದಾರಿ ಇದೆ. ಬೇಸಿಗೆಯಲ್ಲಿ ಮಣ್ಣಿಗೆ ಚೆನ್ನಾಗಿ ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡುವುದು. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ ಹೇಗಿರುತ್ತದೋ ಹಾಗೆ ಮಣ್ಣು ಕಾಯುತ್ತದೆ. ಇಸ್ರೇಲಿನ ಕತಾನ್ ಮತ್ತು ಅವರ ಸಂಗಡಿಗರು 1976ರಲ್ಲಿ ಇದನ್ನು ಪ್ರಕಟಿಸಿದರು. ಕಪ್ಪು ಹಾಳೆ ಬೇಡ, ಅದು ತಾನು ಕಾದು ಮಣ್ಣಿಗೆ ಶಾಖ ಕಡಿಮೆ ಬಿಡುತ್ತದೆ. ಹತ್ತು ಎಕರೆ ತೊಗರಿಗೆ ಇದು ಆಗುವ ಮಾತಲ್ಲ. ಅಲ್ಲಿ ಬೇಸಿಗೆಯ ಆಳವಾದ ಉಳುಮೆಯೇ ಬಡವರ ಪ್ಲಾಸ್ಟಿಕ್ ಹಾಳೆ. ಕೂಳೆ ಮೇಲೆ ಬಂದು ಒಣಗುತ್ತದೆ.

ಈ ವರ್ಷ ಬಂದುಬಿಟ್ಟಿದೆ, ಈಗ?

ಒಣಗಿದ ಗಿಡ ಉಳಿಯುವುದಿಲ್ಲ. ಅದನ್ನು ಬೇರು ಸಮೇತ ಕಿತ್ತು ಹೊಲದ ಹೊರಗೆ ಸುಡಬೇಕು. ಬದುವಿನ ಮೇಲೆ ಎಸೆದರೆ ಮುಂದಿನ ಮಳೆ ನೀರಿನ ಜೊತೆ ರೋಗ ಮತ್ತೆ ಹೊಲಕ್ಕೆ ಇಳಿಯುತ್ತದೆ. ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ವರ್ಷ ಎಲ್ಲ ಹೊಲಕ್ಕೂ ಹಂಚಿದಂತೆ. ರೋಗದ ಹೊಲದಲ್ಲಿ ಹರಗಿದ ಕುಂಟೆಯ ಮಣ್ಣು ಕೆರೆದು ತೆಗೆದ ಮೇಲೇ ಪಕ್ಕದ ಹೊಲಕ್ಕೆ ಹೋಗಬೇಕು. ಅಲ್ಲಿನ ಕಾಳನ್ನು ಬೀಜಕ್ಕೆ ಇಟ್ಟುಕೊಳ್ಳಬಾರದು. ಅನುಮಾನವಿದ್ದರೆ, ಅರೆ ಒಣಗಿದ ಒಂದು ಗಿಡವನ್ನು ಬೇರಿನ ಮಣ್ಣಿನ ಸಮೇತ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಪೂರ್ತಿ ಒಣಗಿದ ಗಿಡದಲ್ಲಿ ಬೇರೆ ಬೂಷ್ಟುಗಳೂ ಸೇರಿಕೊಂಡು ಗುರುತು ತಪ್ಪಿಸುತ್ತವೆ.

ಇನ್ನೊಂದು ಸಣ್ಣ ಕೆಲಸ. ರಾಶಿ ಮಾಡಿ ಮುಗಿದ ಮೇಲೆ ಹೊಲವೆಲ್ಲ ಒಂದೇ ಥರ ಕಾಣುತ್ತದೆ, ನೆಟೆ ಎಲ್ಲಿ ಬಂದಿತ್ತು ಅಂತ ಜೂನ್ ಹೊತ್ತಿಗೆ ಮರೆತೇ ಹೋಗಿರುತ್ತದೆ. ಕಟಾವಿಗೆ ಮುಂಚೆಯೇ ಒಣಗಿದ ಜಾಗದ ನಾಲ್ಕು ಮೂಲೆಗೆ ಗೂಟ ಹೊಡೆದು ಹಳೆಯ ಬಟ್ಟೆ ಕಟ್ಟಿಡಿ. ಬಿತ್ತನೆಗೆ ಕೂರಿಗೆ ಇಳಿದಾಗ ಆ ಗೂಟಗಳ ನಡುವೆ ತೊಗರಿ ಬೇಡ, ಜೋಳ ಬಿತ್ತಿ.